ಎಡಿಟರ್ ಹ್ಯಾಂಗ್ ಆದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಬೇಡಿ

ಹಾಸನದ ಕಾಲೇಜು ಲ್ಯಾಬ್‌ಗಳಲ್ಲಿ ಪದೇ ಪದೇ ಕಣ್ಣಿಗೆ ಬೀಳುವ ಒಂದು ಅಭ್ಯಾಸದ ಬಗ್ಗೆ ವಿವರವಾಗಿ ಬರೆಯಬೇಕೆನಿಸಿದೆ. ಕೋಡ್ ಬರೆಯುವ ಎಡಿಟರಿಗೆ ಹೊಸ ಎಕ್ಸ್‌ಟೆನ್ಷನ್ (ಹೆಚ್ಚಿನ ಸೌಲಭ್ಯ ಕೊಡುವ ಪುಟ್ಟ ಪ್ರೋಗ್ರಾಂ) ಹಾಕಿದ ಮೇಲೆ ಅದು ಹ್ಯಾಂಗ್ ಆಗತೊಡಗಿದರೆ, ಹೆಚ್ಚಿನವರು ಮೊದಲು ಎಡಿಟರನ್ನೇ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ವಿಎಸ್ ಕೋಡ್ ಎಂಬ ಎಡಿಟರಿನಲ್ಲಿ ಎಕ್ಸ್‌ಟೆನ್ಷನ್‌ಗಳು ಬಳಕೆದಾರರ ಹೋಮ್ ಫೋಲ್ಡರಿನೊಳಗೆ ಪ್ರತ್ಯೇಕವಾಗಿರುತ್ತವೆ, ಸೆಟ್ಟಿಂಗ್‌ಗಳು ಇನ್ನೊಂದು ಕಡೆ ಇರುತ್ತವೆ. ಸಾಮಾನ್ಯವಾಗಿ ಎಡಿಟರ್ ಹೋದರೂ ಇವೆರಡೂ ಉಳಿಯುವುದರಿಂದ, ಹೊಸದಾಗಿ ಬಂದ ಎಡಿಟರ್ ಅದೇ ಕೆಟ್ಟ ಎಕ್ಸ್‌ಟೆನ್ಷನ್ನನ್ನು ಮತ್ತೆ ಲೋಡ್ ಮಾಡಿಕೊಂಡು ಅದೇ ಜಾಗದಲ್ಲಿ ನಿಲ್ಲುತ್ತದೆ.

ಮೊದಲು ನೋಡಬೇಕಾದದ್ದು ನಿಂತಿರುವುದು ಯಾವುದು ಎಂಬುದನ್ನು. ವಿಎಸ್ ಕೋಡ್ ತನ್ನ ಎಕ್ಸ್‌ಟೆನ್ಷನ್‌ಗಳನ್ನು ‘ಎಕ್ಸ್‌ಟೆನ್ಷನ್ ಹೋಸ್ಟ್’ ಎಂಬ ಬೇರೆ ಪ್ರೊಸೆಸ್‌ನಲ್ಲಿ, ಅಂದರೆ ಎಡಿಟರಿನ ವಿಂಡೋದಿಂದ ಪ್ರತ್ಯೇಕವಾಗಿ, ಓಡಿಸುತ್ತದೆ. ಹಾಗಾಗಿ ಕರ್ಸರ್ ಓಡಾಡುತ್ತಿದ್ದು, ಅಕ್ಷರಗಳೂ ಮೂಡುತ್ತಿದ್ದು, ಸಲಹೆಗಳು ಮಾತ್ರ ಬಾರದೆ ಅಥವಾ ಸೇವ್ ಮಾತ್ರ ಮುಗಿಯದೆ ಇದ್ದರೆ, ತೊಂದರೆ ಹೆಚ್ಚಾಗಿ ಆ ಹೋಸ್ಟ್‌ನಲ್ಲಿದೆ ಎಂದು ಅರ್ಥ. 2014ರಲ್ಲಿ ಗಿಟ್‌ಹಬ್ ಹೊರತಂದು 2022ರ ಡಿಸೆಂಬರ್‌ನಲ್ಲಿ ನಿಲ್ಲಿಸಿದ ಆಟಮ್ ಎಡಿಟರಿನಲ್ಲಿ ಈ ಬೇರ್ಪಡಿಕೆ ಇರಲಿಲ್ಲ. ಪ್ಯಾಕೇಜ್‌ಗಳು (ಎಕ್ಸ್‌ಟೆನ್ಷನ್‌ಗಳಿಗೆ ಅಲ್ಲಿನ ಹೆಸರು) ವಿಂಡೋದ ಪ್ರೊಸೆಸ್‌ನೊಳಗೇ ಓಡುತ್ತಿದ್ದುದರಿಂದ ಒಂದು ಪ್ಯಾಕೇಜ್ ಕೈಕೊಟ್ಟರೆ ಇಡೀ ವಿಂಡೋ ನಿಲ್ಲಬಹುದಿತ್ತು. ಎಡಿಟರ್ ಆರಿಸುವಾಗ ಥೀಮ್, ಬಣ್ಣಗಳಿಗಿಂತ ಈ ಒಳರಚನೆಗೆ ಹೆಚ್ಚು ಬೆಲೆ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆಲೂರು ಕಡೆಯ ಒಬ್ಬ ವಿದ್ಯಾರ್ಥಿ ಈ ಮಳೆಗಾಲದಲ್ಲಿ ಲ್ಯಾಪ್‌ಟಾಪ್ ತಂದಿದ್ದ. ಪೈಥಾನ್ ಫೈಲ್ ತೆರೆಯುತ್ತಿತ್ತು, ಟೈಪೂ ಆಗುತ್ತಿತ್ತು, ಆದರೆ ಸೇವ್ ಒತ್ತಿದರೆ ಫಾರ್ಮ್ಯಾಟರ್ (ಕೋಡಿನ ಸಾಲುಗಳನ್ನು ಒಪ್ಪವಾಗಿ ಜೋಡಿಸುವ ಎಕ್ಸ್‌ಟೆನ್ಷನ್) ಓಡುತ್ತಿದೆ ಎಂಬ ಸೂಚನೆ ಕೆಳಗೆ ಬಂದು ಅಲ್ಲೇ ಕೂರುತ್ತಿತ್ತು. “ತೆಗೆದು ಮತ್ತೆ ಹಾಕಿದೆ ಸಾರ್, ಹಂಗೇ ಐತೆ” ಎಂದ. “ಇನ್ನು ಏನೂ ತೆಗೀಬೇಡ, ಮೊದಲು ಎಕ್ಸ್‌ಟೆನ್ಷನ್ ಇಲ್ಲದೆ ತೆರೆದು ನೋಡು” ಎಂದೆ. ಟರ್ಮಿನಲ್‌ನಲ್ಲಿ ‘ಕೋಡ್’ ಎಂಬ ಆದೇಶದ ಮುಂದೆ ‘--ಡಿಸೇಬಲ್-ಎಕ್ಸ್‌ಟೆನ್ಷನ್ಸ್’ ಸೇರಿಸಿ ತೆರೆದಾಗ ಫೈಲ್ ತಕ್ಷಣ ಸೇವ್ ಆಯಿತು. ಎಡಿಟರ್ ಸರಿಯಾಗಿದೆ ಎಂಬುದು ಅಲ್ಲಿಗೇ ಖಚಿತವಾಯಿತು. ನಂತರ ಎಂದಿನಂತೆ ತೆರೆದು, ಎಡಿಟರಿನ ಆದೇಶಗಳನ್ನು ಹುಡುಕಿ ಕೊಡುವ ಕಮಾಂಡ್ ಪ್ಯಾಲೆಟ್‌ನಿಂದ ‘ಶೋ ರನ್ನಿಂಗ್ ಎಕ್ಸ್‌ಟೆನ್ಷನ್ಸ್’ ಪಟ್ಟಿಯನ್ನು ತರಿಸಿದೆವು. ಉಳಿದೆಲ್ಲವುಗಳ ಮುಂದೆ ಅವು ಎದ್ದು ನಿಲ್ಲಲು ತೆಗೆದುಕೊಂಡ ಸಮಯ ಮಿಲಿಸೆಕೆಂಡ್‌ಗಳಲ್ಲಿತ್ತು. ಫಾರ್ಮ್ಯಾಟರ್ ಒಂದರ ಮುಂದೆ ಮಾತ್ರ ‘ಆಕ್ಟಿವೇಟಿಂಗ್’ ಎಂಬ ಪದ ಬದಲಾಗಲೇ ಇಲ್ಲ. ಔಟ್‌ಪುಟ್ ಪ್ಯಾನೆಲ್‌ನಲ್ಲಿ ಅದರ ಲಾಗ್ (ಅದು ಮಾಡಿದ ಕೆಲಸಗಳ ದಾಖಲೆ) ತೆರೆದಾಗ ಕೊನೆಯ ಸಾಲು ಡೌನ್‌ಲೋಡ್ ಶುರುವಾಗಿದೆ ಎಂಬುದಾಗಿತ್ತು. ತನಗೆ ಬೇಕಾದ ಸರ್ವರ್ ಪ್ರೋಗ್ರಾಮನ್ನು ಅದು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುತ್ತಿತ್ತು, ಹುಡುಗನ ಊರಿನಲ್ಲಿ ಮಳೆ ಹಿಡಿದರೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಮತ್ತು ಎಷ್ಟು ಹೊತ್ತು ಕಾಯಬೇಕೆಂಬ ಮಿತಿಯನ್ನೇ ಆ ಎಕ್ಸ್‌ಟೆನ್ಷನ್ ಬರೆದವರು ಇಟ್ಟಿರಲಿಲ್ಲ. ಲ್ಯಾಬಿನ ನೆಟ್‌ವರ್ಕ್‌ಗೆ ಸೇರಿಸಿ ಎಡಿಟರನ್ನು ಮತ್ತೆ ತೆರೆದ ಕೂಡಲೇ ಎಲ್ಲವೂ ಸರಿಹೋಯಿತು.

ತಪ್ಪು ಯಾವುದರದ್ದೆಂದು ಹೀಗೆ ನೇರವಾಗಿ ಕಾಣದಿದ್ದಾಗ, ಕಮಾಂಡ್ ಪ್ಯಾಲೆಟ್‌ನಲ್ಲೇ ‘ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್’ ಎಂಬ ಸೌಲಭ್ಯವಿದೆ. ಅದು ಅರ್ಧದಷ್ಟು ಎಕ್ಸ್‌ಟೆನ್ಷನ್‌ಗಳನ್ನು ಆಫ್ ಮಾಡಿ, ತೊಂದರೆ ಉಳಿದಿದೆಯೇ ಎಂದು ಕೇಳಿ, ತೊಂದರೆ ಇರುವ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾ ಹೋಗುತ್ತದೆ. ಕಾಫಿಗೆ ಹೂಮಳೆ ಕೊಡುವಾಗ ಸ್ಪ್ರಿಂಕ್ಲರ್ ಲೈನಿನ ಪ್ರೆಷರ್ ಇಳಿದರೆ, ತೋಟದವರು ಮೊದಲ ಪೈಪಿನಿಂದ ಒಂದೊಂದೇ ನೋಡದೆ ನಡುವಿನ ಜಾಯಿಂಟ್‌ಗೆ ಹೋಗುವ ಕ್ರಮವೇ ಇದು. 32 ಎಕ್ಸ್‌ಟೆನ್ಷನ್‌ಗಳಿದ್ದರೂ ಸುಮಾರು ಐದು ಸುತ್ತಿನಲ್ಲಿ ತಪ್ಪಿತಸ್ಥ ಸಿಗುತ್ತದೆ. ವಿಮ್ ಎಂಬ ಎಡಿಟರ್ ಬಳಸುವವರಿಗೆ ‘--ಕ್ಲೀನ್’, ಈಮ್ಯಾಕ್ಸ್ ಎಂಬ ಎಡಿಟರಿನವರಿಗೆ ‘-ಕ್ಯೂ’ (ದೊಡ್ಡಕ್ಷರದ ಕ್ಯೂ) ಇದೆ. ಮೊದಲ ಪರೀಕ್ಷೆ ಅಲ್ಲಿಯೂ ಹೀಗೆಯೇ.

ಇನ್ನೊಂದು ಕಾರಣವನ್ನೂ ಹೇಳಬೇಕು. ಕೆಲವರು ಪ್ರಾಜೆಕ್ಟ್ ಫೋಲ್ಡರಿನ ಬದಲು ಇಡೀ ಡಿ ಡ್ರೈವನ್ನೇ ಎಡಿಟರಿನಲ್ಲಿ ತೆರೆಯುತ್ತಾರೆ. ಆಗ ಲಕ್ಷಾಂತರ ಫೈಲುಗಳನ್ನು ಜಾಲಾಡುವ ಎಕ್ಸ್‌ಟೆನ್ಷನ್ನನ್ನು ದೂರಿ ಫಲವಿಲ್ಲ.

ನನ್ನನ್ನು ನಿಜಕ್ಕೂ ಕಾಡುವುದು, ತಪ್ಪು ಸಿಕ್ಕ ಮೇಲೂ ನಮ್ಮ ಹುಡುಗರು ಎಕ್ಸ್‌ಟೆನ್ಷನ್ ಆಫ್ ಮಾಡಿ, ಅದನ್ನು ಬರೆದವರಿಗೆ ವರದಿ ಮಾಡದೆ ಸುಮ್ಮನಾಗುವುದು. ಇಂಗ್ಲಿಷ್ ಸರಿಯಾಗಿ ಬಾರದೆಂಬ ಸಂಕೋಚ ಹಲವರಿಗಿದೆ. ವೇಗದ ನೆಟ್‌ವರ್ಕ್ ಇರುವ ನಗರದಲ್ಲಿ ಕುಳಿತು ಬರೆದವರಿಗೆ ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದು ಎದುರಾಗಿಯೇ ಇರುವುದಿಲ್ಲ, ಆದ್ದರಿಂದ ಅದನ್ನು ತಿಳಿಸುವ ಕೆಲಸ ನಮ್ಮದು. ಎಡಿಟರ್ ಮತ್ತು ಎಕ್ಸ್‌ಟೆನ್ಷನ್‌ಗಳ ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಲಾಗಿನ ಕೊನೆಯ ಸಾಲುಗಳು, ನೆಟ್‌ವರ್ಕ್ ಕಡಿದಾಗ ಮಾತ್ರ ಹೀಗಾಗುತ್ತದೆ ಎಂಬ ಒಂದು ವಾಕ್ಯ, ಇಷ್ಟಿದ್ದರೆ ವರದಿಗೆ ಸಾಕು. ಲಾಗ್ ಅಂಟಿಸುವ ಮುನ್ನ ಅದರಲ್ಲಿ ನಿಮ್ಮ ಪಾಸ್‌ವರ್ಡ್ ಅಥವಾ ಅದರಂತೆಯೇ ಗುಟ್ಟಾಗಿಡಬೇಕಾದ ಟೋಕನ್ ಇಲ್ಲವೆಂದು ಒಮ್ಮೆ ನೋಡಿಕೊಳ್ಳಿ.