ಮಂತ್ರಿಗಳು ಬರುವವರೆಗಿನ ಕ್ರಾಂತಿ

ಕೊಡಗಿನ ಸಮಾರಂಭಗಳಲ್ಲಿ ಹೋರಾಟದ ಹಾಡಿಗೆ ಈಗ ನಿಗದಿತ ಹೊತ್ತೊಂದು ದೊರೆತಿದೆ. ಹತ್ತೂವರೆಗೆ ಬರಬೇಕಾದ ಮಂತ್ರಿಗಳು ಇನ್ನೂ ಕುಶಾಲನಗರ ದಾಟಿಲ್ಲವೆಂಬ ಸುದ್ದಿ ವೇದಿಕೆಗೆ ಮುಟ್ಟಿದ ಕ್ಷಣದಿಂದ ಅವರ ಕಾರು ಶಾಮಿಯಾನದ ಬಳಿ ನಿಲ್ಲುವವರೆಗೆ, ತಮಟೆಯವರು ಆಳುವವರನ್ನು ಎಷ್ಟು ಬೇಕಾದರೂ ಕೆಡವಬಹುದು. ಕಾರು ಬಂದೊಡನೆ ಪಲ್ಲವಿಯ ನಡುವೆಯೇ ಮೈಕು ನಿರೂಪಕರ ಕೈಸೇರುತ್ತದೆ.

ಇದು ಹಾಡಿಗಾದ ಅವಮಾನವೆಂದು ಗೊಣಗುವವರಿಗೆ ಚರಿತ್ರೆ ತಿಳಿಯದು. ಅಮೆರಿಕದ ಚಾರ್ಲ್ಸ್‌ಟನ್ನಿನ ಸಿಗಾರ್ ಕಾರ್ಖಾನೆಯ ಕಪ್ಪು ಹೆಣ್ಣಾಳುಗಳು 1945-46ರ ಮುಷ್ಕರದಲ್ಲಿ ಹಾಡಿದ ಚರ್ಚಿನ ಗೀತೆಯೊಂದು ಮುಂದೆ ‘ವಿ ಶಲ್ ಓವರ್‌ಕಮ್’ ಎಂಬ, ನಾಗರಿಕ ಹಕ್ಕುಗಳ ಚಳವಳಿಯ ಹಾಡಾಯಿತು. 1965ರ ಮಾರ್ಚಿನಲ್ಲಿ ಅಧ್ಯಕ್ಷ ಜಾನ್ಸನ್ ಅದರ ಸಾಲನ್ನು ಅಲ್ಲಿನ ಸಂಸತ್ತಿನಲ್ಲೇ ನುಡಿದರು. ಜೊತೆಗೆ ಮತದಾನದ ಹಕ್ಕಿನ ಮಸೂದೆಯನ್ನೂ ಕಳುಹಿಸಿದರು, ಅದು ಅದೇ ವರ್ಷ ಕಾಯ್ದೆಯಾಯಿತು. ನಮ್ಮವರು ಸಾಲನ್ನು ಮಾತ್ರ ತರಿಸಿಕೊಂಡು ಮಸೂದೆಯ ಖರ್ಚನ್ನು ಉಳಿಸಿದ್ದಾರೆ. ಶಾಲಾ ವಾರ್ಷಿಕೋತ್ಸವದಲ್ಲಿ ತೋಟದ ಕೂಲಿಯವರ ಸಾಲುಮನೆಗಳಾದ ಲೈನ್ ಮನೆಗಳ ಮಕ್ಕಳು ಅದನ್ನೇ ಕನ್ನಡದಲ್ಲಿ ‘ಗೆದ್ದೇ ಗೆಲ್ಲುವೆವು ಒಂದು ದಿನ’ ಎಂದು ಹಾಡುವಾಗ ಮುಖ್ಯ ಅತಿಥಿಗಳಾದ ತೋಟದ ಸಾಹುಕಾರರೂ ತಾಳ ಹಾಕುತ್ತಾರೆ. ಆ ದಿನ ಕಾಫಿ ಕುಯ್ಲಿನ ನಡುವೆ ಬೀಳದಿದ್ದರೆ ಅವರಿಗೆ ಸಾಕು. ನಲವತ್ತೇಳರ ಸ್ವಾತಂತ್ರ್ಯ ಯಾರಿಗೆ ಬಂತೆಂದು ಕೇಳಿದ ಸಿದ್ಧಲಿಂಗಯ್ಯನವರ ಹಾಡನ್ನು ದಲಿತ ಚಳವಳಿ ಊರೂರಿಗೆ ಒಯ್ದಿತು. ಉತ್ತರಿಸಬೇಕಾದವರು ಈಗ ಪ್ರಶ್ನೆ ಹಾಡುವವರಿಗೆ ಪ್ರಯಾಣಭತ್ಯೆ ಕೊಟ್ಟು, ಶಾಲು ಹೊದಿಸಿ ಕಳುಹಿಸುತ್ತಾರೆ. (ಭತ್ಯೆ ಕೈಸೇರುವುದು ಯಾವಾಗ ಎಂಬುದು ಬೇರೆ ಪ್ರಶ್ನೆ, ಅದಕ್ಕಿನ್ನೂ ಯಾರೂ ರಾಗ ಹಾಕಿಲ್ಲ.)

ಆಳುವವರನ್ನು ಬೈದು ಹಾಡುವ ವಿದ್ಯೆಯನ್ನು ಕೊಡಗಿಗೆ ಹೊರಗಿನವರು ಕಲಿಸಬೇಕಾಗಿಯೂ ಇಲ್ಲ. ದೇವರಪುರದ ಕುಂಡೆ ಹಬ್ಬದಲ್ಲಿ ಆದಿವಾಸಿಗಳಾದ ಜೇನುಕುರುಬರೂ ಯರವರೂ ವೇಷ ಕಟ್ಟಿ, ಡಬ್ಬ ಬಡಿದು, ಸಾಹುಕಾರರಿಂದ ಹಿಡಿದು ದೇವರವರೆಗೆ ಯಾರನ್ನೂ ಬಿಡದೆ ಬೈಯುತ್ತಾರೆ. ಬೈಸಿಕೊಂಡವರು ನಕ್ಕು ಕಾಸು ಕೊಡುತ್ತಾರೆ. ಅಲ್ಲಿಂದ ಬಹಳ ದೂರವಿಲ್ಲದ ದಿಡ್ಡಳ್ಳಿಯಲ್ಲಿ, ಲೈನ್ ಮನೆಗಳನ್ನು ಬಿಟ್ಟು ಬಂದು ನೆಲೆ ಕೇಳಿದ ಆದಿವಾಸಿಗಳ ಗುಡಿಸಲುಗಳನ್ನು 2016ರ ಡಿಸೆಂಬರಿನಲ್ಲಿ ನೆಲಸಮ ಮಾಡಿದಾಗ ಯಾರಿಗೂ ನಗು ಬರಲಿಲ್ಲ. ವರ್ಷಕ್ಕೊಮ್ಮೆ ಅಶ್ಲೀಲವಾಗಿ ಬೈಸಿಕೊಳ್ಳಲು ನಮ್ಮ ದೊಡ್ಡವರಿಗೆ ತಕರಾರಿಲ್ಲ, ಅದು ಸಂಸ್ಕೃತಿ. ಅದೇ ಜನ ‘ಮಾನ್ಯರೇ’ ಎಂದು ಆರಂಭಿಸಿ, ಸರ್ವೆ ನಂಬರು ನಮೂದಿಸಿ, ಹಕ್ಕುಪತ್ರಕ್ಕೆ ಅರ್ಜಿ ಬರೆದಾಗ ಮಾತ್ರ ಭಾಷೆ ಬಹಳ ಒರಟಾಯಿತೆಂದು ಅವರಿಗೆ ಅನಿಸತೊಡಗುತ್ತದೆ.