ಹಲ್ಲು ಕಿತ್ತ ಮೇಲೆ ಕುದುರೆ ಯಾರ ಕೈಲಿರುತ್ತದೆ?

ನಮ್ಮ ಕಡೆ ಕುದುರೆ ಕೊಳ್ಳುವಾಗ ತುಟಿ ಎತ್ತಿ ಮುಂದಿನ ಹಲ್ಲು ನೋಡುತ್ತಾರೆ. ವಯಸ್ಸು ಗೊತ್ತಾಗುತ್ತದೆ, ಅಲ್ಲಿಗೆ ಮುಗಿಯಿತು. ತೊಂದರೆ ಜಾಸ್ತಿ ಇರುವುದು ಹಿಂದೆ, ದವಡೆಯಲ್ಲಿ. ಅಲ್ಲಿಗೆ ಯಾರದಾದರೂ ಕಣ್ಣು ಹೋಗುವುದು ಕುದುರೆ ಮೇವು ಬಿಟ್ಟ ಮೇಲೆ.

ನಾನು ಇಂಗ್ಲೆಂಡಿನಲ್ಲಿ ನೆಲೆಸಿ ಬಹಳ ವರ್ಷವಾಯಿತು. ಅಲ್ಲಿ ಹಳ್ಳಿ ಕಡೆಯ ಒಂದು ಲಾಯದಲ್ಲಿ ನನ್ನದೊಂದು ಕುದುರೆ ಇದೆ. ಬೆಂಗಳೂರಿಗೆ ಬಂದಾಗಲೆಲ್ಲ ಹೆಸರಘಟ್ಟದ ಕಡೆ ಇರುವ ಸ್ನೇಹಿತರ ಲಾಯಕ್ಕೆ ಹೋಗುತ್ತೇನೆ. ದವಡೆ ಹಲ್ಲು ಕೀಳಿಸಿದ್ದನ್ನು ಎರಡೂ ಕಡೆ ಹತ್ತಿರದಿಂದ ನೋಡಿದ್ದೇನೆ. ಕೀಳುವ ಮೊದಲಿನ ಕೆಲಸದಲ್ಲಿ ಇಂಗ್ಲೆಂಡ್ ಮುಂದಿದೆ. ಕಿತ್ತ ಮೇಲಿನ ಕೆಲಸಕ್ಕೆ ಬೇಕಾದ ಜನ ಬೆಂಗಳೂರಿನಲ್ಲಿದ್ದಾರೆ. ಆದರೆ ಅವರಿಗೆ ಯಾರೂ ಏನೂ ಹೇಳುವುದಿಲ್ಲ. ನನ್ನ ಬೇಸರ ಇರುವುದು ಇಲ್ಲೇ.

ಕುದುರೆ ಹಲ್ಲು ನಮ್ಮ ಹಲ್ಲಿನ ಹಾಗಲ್ಲ. ವರ್ಷಕ್ಕೆ 2ರಿಂದ 3 ಮಿಲಿಮೀಟರ್ ಸವೆಯುತ್ತದೆ, ಅಷ್ಟೇ ವಸಡಿನಿಂದ ಮೇಲೆ ಬರುತ್ತದೆ. ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು. ಹಾಗಾಗಿ ಸವೆತ ಒಂದೇ ಸಮ ಇರುವುದಿಲ್ಲ. ಮೇಲಿನ ಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆಯನ್ನು ಕೊಯ್ಯುತ್ತದೆ, ಕೆಳಗಿನದರ ಒಳ ಅಂಚು ನಾಲಿಗೆಯನ್ನು. ಲಗಾಮು ಎಳೆದಾಗ ತಲೆ ಒದರುವ ಕುದುರೆಗೆ ನಾವು ‘ಪೊಗರು’ ಅಂದುಬಿಡುತ್ತೇವೆ. ಎಷ್ಟೋ ಸಲ ಅದು ಬಾಯಿ ನೋವು.

ಇಂಗ್ಲೆಂಡಿನಲ್ಲಿ ವರ್ಷಕ್ಕೊಮ್ಮೆಯಾದರೂ ಬಾಯಿ ತೆರೆಸಿ ನೋಡುವುದು ರೂಢಿ. ಲಾಳ ಕಟ್ಟಿಸುವುದು, ಲಸಿಕೆ ಹಾಕಿಸುವುದು, ಹಲ್ಲು ನೋಡಿಸುವುದು ಮೂರೂ ಒಂದೇ ಸಾಲಿನ ಕೆಲಸ. ಚೂಪಾದ ಅಂಚಿಗೆ ಅರ ಹಾಕುವುದಕ್ಕೆ ತರಬೇತಿ ಪಡೆದ ಹಲ್ಲಿನ ಕೆಲಸದವರು ಇದ್ದಾರೆ. ದವಡೆ ಹಲ್ಲು ಕೀಳುವುದು ಮಾತ್ರ ಪಶುವೈದ್ಯರ ಕೆಲಸ. ಅಲ್ಲಿನ 1966ರ ಪಶುವೈದ್ಯರ ಕಾಯ್ದೆಯ ಪ್ರಕಾರ ಬೇರೆಯವರು ಅದಕ್ಕೆ ಕೈ ಹಾಕುವಂತಿಲ್ಲ. ಈ ಕಟ್ಟುನಿಟ್ಟು ನನಗೆ ಇಷ್ಟ.

ಬೆಂಗಳೂರಿನಲ್ಲೂ ರೇಸ್ ಓಡುವ ಕುದುರೆಗಳ ವಿಷಯ ಬೇರೆ. ದುಡ್ಡು ಇದೆ, ಡಾಕ್ಟರ್ ಹತ್ತಿರದಲ್ಲೇ ಇರುತ್ತಾರೆ. ಓಟ ಮುಗಿಸಿ ಫಾರ್ಮ್‌ಹೌಸ್ ಸೇರಿದ ಕುದುರೆ, ಮದುವೆ ಮೆರವಣಿಗೆಗೆ ಬರುವ ಬಿಳಿ ಕುದುರೆ, ಇವುಗಳ ಬಾಯಿ ಯಾರು ನೋಡುತ್ತಾರೆ? ಕುದುರೆ ಇಪ್ಪತ್ತೈದು ವರ್ಷ ಬದುಕುತ್ತದೆ. ರೇಸ್ ಮುಗಿಯುವುದು ಅದರ ಕಾಲು ಭಾಗದಲ್ಲೇ, ಅಲ್ವಾ?

ಸ್ನೇಹಿತರ ಲಾಯದ ಹಳೆಯ ರೇಸ್ ಕುದುರೆಯೊಂದರ ವಿಷಯ ಹೇಳುತ್ತೇನೆ. ಒಂದೇ ಹೊಳ್ಳೆಯಿಂದ ಸಿಂಬಳ ಸುರಿಯುತ್ತಿತ್ತು, ನಾತ ಬೇರೆ. ನೆಗಡಿ ಅಂತ ಎಲ್ಲರೂ ಸುಮ್ನೆ ಇದ್ದರು. ಅದರ ಸೈಸ್, ಅಂದರೆ ಅದನ್ನು ನೋಡಿಕೊಳ್ಳುವ ಆಳು, ಮಾತ್ರ ಒಪ್ಪಲಿಲ್ಲ. ಮೇವಿನ ತೊಟ್ಟಿಯ ಕೆಳಗಿಂದ ಏನೋ ಹೆಕ್ಕಿ ನನ್ನ ಅಂಗೈಗೆ ಹಾಕಿದರು. ಅರ್ಧ ಜಗಿದು ಉಗುಳಿದ ಹುಲ್ಲಿನ ಉಂಡೆ, ಇನ್ನೂ ಒದ್ದೆ. “ಸರ್, ಇದಕ್ಕೆ ಹಸಿವಿದೆ. ತಿನ್ನೋಕೆ ಬರುತ್ತೆ, ಅಗಿಯೋಕೆ ಆಗ್ತಿಲ್ಲ,” ಅಂದರು. ಲದ್ದಿ ಬಿಡಿಸಿ ಅದರಲ್ಲಿದ್ದ ಉದ್ದುದ್ದ ನಾರನ್ನೂ ತೋರಿಸಿದರು. ಎಕ್ಸ್-ರೇ ತೆಗೆದಾಗ ಮೇಲಿನ ದವಡೆ ಹಲ್ಲಿನ ಬೇರಿಗೆ ಕೀವು ಕಟ್ಟಿತ್ತು. ಮೇಲಿನ ಸಾಲಿನ ಹಿಂದಿನ ಹಲ್ಲುಗಳ ಬೇರು ಸೈನಸ್‌ಗೆ, ಅಂದರೆ ಮೂಗಿಗೆ ಸೇರುವ ಮುಖದ ಮೂಳೆಯ ಟೊಳ್ಳಿಗೆ, ಅಂಟಿಕೊಂಡೇ ಇರುತ್ತದೆ. ಕೀವು ಮೂಗಿಗೆ ಬರುವುದು ಆ ದಾರಿಯಿಂದ.

ಕೀಳುವಾಗ ಕುದುರೆಯನ್ನು ಮಲಗಿಸಲೇಬೇಕು ಅಂತಿಲ್ಲ. ಮಂಪರಿನ ಇಂಜೆಕ್ಷನ್ ಕೊಟ್ಟು, ನರಕ್ಕೆ ಮರಗಟ್ಟುವ ಮದ್ದು ಹಾಕಿ, ನಿಂತ ಹಾಗೇ ಕೀಳುತ್ತಾರೆ. ಕುದುರೆಗೂ ಕ್ಷೇಮ. ಗಂಟೆಗಟ್ಟಲೆ ಹಿಡಿಯಬಹುದು. ಹಲ್ಲನ್ನು ಮೆಲ್ಲಮೆಲ್ಲಗೆ ಅಲ್ಲಾಡಿಸಿ ಸಡಿಲ ಮಾಡಬೇಕು. ಅವಸರ ಮಾಡಿದರೆ ಬೇರು ಮುರಿದು ಒಳಗೇ ಉಳಿಯುತ್ತದೆ.

ಆಮೇಲಿನದೇ ನಿಜವಾದ ಕೆಲಸ. ಹಲ್ಲಿದ್ದ ಗುಳಿಗೆ ಮೇವು ಹೊಕ್ಕು ಕೊಳೆಯದ ಹಾಗೆ ಡಾಕ್ಟರ್ ಒಂದು ಬಿರಡೆ ಇಟ್ಟಿರುತ್ತಾರೆ. ಅದು ಹೊತ್ತಿಗೆ ಮುಂಚೆ ಬಿದ್ದರೆ ತಕ್ಷಣ ತಿಳಿಸಬೇಕು. ಒರಟು ಒಣಹುಲ್ಲು ಬೇಡ. ಮೆತ್ತಗೆ ನೆನೆಸಿದ ಮೇವು ಕೊಡಬೇಕು. ನಮ್ಮಲ್ಲಿ ಬೂಸಾ ಕಲಸಿ, ಹುರುಳಿ ಬೇಯಿಸಿ ಹಿಸುಕಿ ಹಾಕುತ್ತಾರೆ, ಒಳ್ಳೆಯದೇ. ಆದರೆ ಅದನ್ನೇ ಹೊಟ್ಟೆ ತುಂಬ ಹಾಕಿದರೆ ಹೊಟ್ಟೆ ನೋವು ಬರುತ್ತದೆ, ಕುದುರೆಗೆ ನಾರು ಬೇಕೇ ಬೇಕು. ಕುದುರೆ ಮಸಾಲೆ ಅನ್ನುವ ಮೇವಿನ ಸೊಪ್ಪನ್ನು (ಲೂಸರ್ನ್) ಸಣ್ಣಗೆ ಕತ್ತರಿಸಿ ಹಾಕಬಹುದು. ಡಾಕ್ಟರ್ ಹೇಳುವ ತನಕ ಬಾಯಿಗೆ ಕಡಿವಾಣ ಹಾಕಬಾರದು. ಟೆಟನಸ್ ಲಸಿಕೆ ಆಗಿದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಬೇಕು, ಕುದುರೆಗೆ ಆ ರೋಗ ಬಹಳ ಬೇಗ ತಗಲುತ್ತದೆ. ತಿನ್ನಲು ಶುರು ಮಾಡಿತು ಅಂತ ನೋವಿನ ಔಷಧಿಯನ್ನು ಅರ್ಧಕ್ಕೇ ನಿಲ್ಲಿಸಬಾರದು.

ಇಂಗ್ಲೆಂಡಿನಲ್ಲಿ ಇದೆಲ್ಲ ಬರೆದ ಹಾಳೆ ಮಾಲೀಕರ ಕೈಗೆ ಬರುತ್ತದೆ. ನನ್ನ ಹಾಗೆ ಬೆಳಿಗ್ಗೆ ಸಂಜೆ ಮಾತ್ರ ಲಾಯಕ್ಕೆ ಹೋಗುವವರು ಅದನ್ನು ಓದಿ ಮಾಡುತ್ತೇವೆ. ನಡುವೆ ಕುದುರೆ ಎರಡು ಬಾಯಿ ತಿಂದು ಬಿಟ್ಟಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಬೆಂಗಳೂರಿನ ಸೈಸ್ ಅದರ ಪಕ್ಕದಲ್ಲೇ ಮಲಗುತ್ತಾರೆ. ಬಾಯಿ ವಾಸನೆ ಇವತ್ತು ಬೇರೆ ಥರ ಇದೆ ಅನ್ನುವುದನ್ನು ಅವರಷ್ಟು ಬೇಗ ಹೇಳುವವರು ಇಲ್ಲ. ಅಂಥವರನ್ನು ಬಿಟ್ಟು, ಡಾಕ್ಟರ್ ಮಾಲೀಕರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಹೊರಟುಬಿಡುತ್ತಾರೆ. ಸೈಸ್ ಕುದುರೆ ಹಿಡಿದುಕೊಂಡು ಅಲ್ಲೇ ನಿಂತಿರುತ್ತಾರೆ. ಇದು ತಪ್ಪು. ಕನ್ನಡವೋ ಉರ್ದುವೋ, ಅವರ ಮಾತಿನಲ್ಲೇ ಅವರಿಗೇ ಹೇಳಿ, ಬರೆದೂ ಕೊಡಬೇಕು. ಡಾಕ್ಟರ್ ಫೋನ್ ನಂಬರ್ ಅವರ ಹತ್ತಿರ ಇರಬೇಕು. ಏನಾದರೂ ಕಂಡರೆ ಮಾಲೀಕರ ಅಪ್ಪಣೆಗೆ ಕಾಯದೆ ಫೋನ್ ಮಾಡುವ ಅಧಿಕಾರವೂ ಇರಬೇಕು.

ಇನ್ನೊಂದನ್ನು ಮಾಲೀಕರು ಮರೆಯುತ್ತಾರೆ. ಹಲ್ಲು ಕಿತ್ತ ಜಾಗದ ಎದುರಿಗಿರುವ ಹಲ್ಲಿಗೆ ಇನ್ನು ಉಜ್ಜಲು ಜೊತೆಯಿಲ್ಲ. ಅದು ಬೆಳೆಯುತ್ತಲೇ ಹೋಗಿ ಖಾಲಿ ಜಾಗಕ್ಕೆ ನುಗ್ಗುತ್ತದೆ. ಆರು ತಿಂಗಳಿಗೊಮ್ಮೆ ಅದಕ್ಕೆ ಅರ ಹಾಕಿಸಬೇಕು, ಕುದುರೆ ಇರುವಷ್ಟು ಕಾಲ. ಲಸಿಕೆಗೆ ಡಾಕ್ಟರ್ ಬಂದ ದಿನವೇ ಬಾಯಿಯನ್ನೂ ತೆರೆಸಿ, ಮುಂದಿನ ತಾರೀಕನ್ನು ಲಾಯದ ಗೋಡೆ ಮೇಲೇ ಬರೆಸಿ.