ಕೇಳಿದ ಕಥೆಯೇ ಅಲ್ವಾ

"ಒಬ್ಬನಿಗೆ ಇಬ್ಬರು ಗಂಡುಮಕ್ಕಳಿದ್ದರು" ಎಂದು ಫಾದರ್ ಬೈಬಲ್ಲಿನ ಶುಭಸಂದೇಶ ಓದಲು ಶುರುಮಾಡಿದರೆ ಸಾಕು, ಇಗರ್ಜಿಯ (ಚರ್ಚಿನ) ಅರ್ಧ ಜನ ಮನಸ್ಸಿನಲ್ಲೇ ಮನೆಗೆ ಹೊರಡುತ್ತಾರೆ. ಮೈ ಮಾತ್ರ ಅಲ್ಲೇ ಮರ್ಯಾದೆಯಿಂದ ನಿಂತಿರುತ್ತದೆ. ಕಾಸರಗೋಡಿನ ಬೇಳ, ಕಯ್ಯಾರು ಕಡೆಯವರಾದರೆ ಮನಸ್ಸು ಅಂಗಳದಲ್ಲಿ ಹರಡಿದ ಅಡಿಕೆ ತಿರುವಿ ಹಾಕುತ್ತಿರುತ್ತದೆ. ಯೇಸು ಹೇಳಿದ ಕಥೆ, ಮುಂದಿನದೆಲ್ಲ ಗೊತ್ತಲ್ಲ. ಕಿರಿಮಗ ಪಾಲು ಕೇಳುತ್ತಾನೆ, ದುಂದು ಮಾಡುತ್ತಾನೆ, ಹಂದಿ ಕಾಯುತ್ತಾನೆ, ವಾಪಸ್ ಬರುತ್ತಾನೆ. ಅಪ್ಪ ಓಡಿಬಂದು ತಬ್ಬಿಕೊಳ್ಳುತ್ತಾನೆ. ಶುಭಂ.

ಇದೇ ಜನ ಯಕ್ಷಗಾನಕ್ಕೆ ಹೋದರೆ ಹೀಗೆ ಮಾಡುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ನಮ್ಮದು. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೇ ಕಡಲೆ ತಿನ್ನುತ್ತಾ ಬೆಳಗಿನವರೆಗೆ ಕೂರುತ್ತಾರೆ. ಬೈಬಲ್ಲಿಗೆ ಮಾತ್ರ ಆ ರಿಯಾಯಿತಿ ಇಲ್ಲ.

ಕಥೋಲಿಕ ಧರ್ಮಸಭೆಯೂ ಹಟ ಬಿಡುವುದಿಲ್ಲ ಅನ್ನಿ. 1969ರಲ್ಲಿ ಬಂದ ಕ್ರಮದ ಪ್ರಕಾರ ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಶುಭಸಂದೇಶ ಬರೆದವರಲ್ಲಿ ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಇನ್ನೊಂದು ವರ್ಷ ಲೂಕ. ಈ ಕಥೆ ಲೂಕನ 15ನೇ ಅಧ್ಯಾಯದ್ದು. ದಿನಾ ಪೂಜೆಗೆ ಹೋಗುವವರಿಗೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಎರಡನೇ ವಾರದ ಶನಿವಾರ ವರ್ಷವರ್ಷವೂ ಇದೇ.

ಮನೆಯಲ್ಲಿ ಆಸ್ತಿ ಪಾಲಾದ ಮೇಲೆ ಇದನ್ನೊಮ್ಮೆ ಓದಿ ನೋಡಬೇಕು. ಪಾಲು ಕೇಳಿದವನು ಕಿರಿಯ; ಆದರೆ ಅಪ್ಪ ಹಂಚಿದ್ದು ಇಬ್ಬರಿಗೂ. ಬೈಬಲ್ಲಿನ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದ 21ನೇ ಅಧ್ಯಾಯದ ಪ್ರಕಾರ ಹಿರಿಮಗನಿಗೆ ಎರಡು ಪಾಲು. ಅಂದರೆ ಹೊಲದಿಂದ ಬಂದು, ಹಾಡು ಕುಣಿತ ಕೇಳಿ, ಬಾಗಿಲಲ್ಲೇ ಮುನಿಸಿಕೊಂಡು ನಿಂತವನಿಗೆ ಆಗಲೇ ಜಾಸ್ತಿ ಸಿಕ್ಕಿದೆ! ಆದರೂ ನನಗೊಂದು ಆಡಿನ ಮರಿ ಕೊಡಲಿಲ್ಲ ಎಂಬ ರಾಗ. ನಗು ಬರುತ್ತದೆ. ಆದರೆ ನಮ್ಮ ಕಡೆ ಅವನ ಪರ ವಾದಿಸುವವರು ಬೇಕಷ್ಟಿದ್ದಾರೆ. ತಮ್ಮ ಗಲ್ಫಿನಿಂದ ರಜೆಗೆ ಬಂದ ದಿನ ಮನೆಯಲ್ಲಿ ಕೋಳಿ ಪದಾರ್ಥ. ವರ್ಷವಿಡೀ ತೋಟಕ್ಕೆ ನೀರು ಬಿಟ್ಟು, ಮಳೆಯಲ್ಲಿ ಅಡಿಕೆಗೆ ಮದ್ದು ಬಿಡಿಸಿದ ಅಣ್ಣನಿಗೆ ಯಾರು ಕೋಳಿ ಕೊಯ್ದರು?

ಕಿರಿಯನ ಮಾತನ್ನೂ ನೋಡಿ. ಹಂದಿಗಳ ನಡುವೆ ಕೂತು ಅಪ್ಪನಿಗೆ ಹೇಳಬೇಕಾದ್ದನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡಿರುತ್ತಾನೆ. ಪಾಪ ಮಾಡಿದ್ದೇನೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವರಲ್ಲಿ ಒಬ್ಬನಂತೆ ಇಟ್ಟುಕೋ. ಎದುರು ನಿಂತಾಗ ಮೊದಲಿನೆರಡನ್ನು ಹೇಳುತ್ತಾನೆ. ಕೂಲಿಯ ಮಾತು ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳಿಗೆ ಬಟ್ಟೆ, ಉಂಗುರ, ಕೆರ ತನ್ನಿ ಎನ್ನುತ್ತಿದ್ದಾನೆ. 'ಗೊತ್ತಿದೆ ಬಿಡಿ' ಅನ್ನುವವರಿಗೆ ಈ ತುಂಡಾದ ಮಾತು ಕೇಳಿಸುವುದಿಲ್ಲ.

ಗೊತ್ತಿದೆ ಅಂದುಕೊಂಡದ್ದರಲ್ಲಿ ನಾವೇ ಸೇರಿಸಿದ್ದು ಎಷ್ಟೋ. ಕ್ರಿಸ್ಮಸ್ ಗೋದಲಿಯಲ್ಲಿ ಕೂಸು ಯೇಸುವನ್ನು ನೋಡಲು ಬಂದ ಮೂವರು ರಾಜರನ್ನು ಒಂಟೆ ಸಮೇತ ನಿಲ್ಲಿಸುತ್ತೇವೆ. ಮತ್ತಾಯ ಅವರನ್ನು ರಾಜರು ಅಂದಿಲ್ಲ, ಮೂವರು ಅಂತಲೂ ಎಣಿಸಿಲ್ಲ. ಒಂಟೆಯಂತೂ ಪೂರಾ ನಮ್ಮದೇ.

ಹಿರಿಮಗನ ವಿಷಯಕ್ಕೇ ಬರೋಣ. ಅವನನ್ನು ಕರೆಯಲೂ ಅಪ್ಪನೇ ಹೊರಗೆ ಬರುತ್ತಾನೆ, ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ. ಹೋದ ಅಂತ ಆಣೆ ಹಾಕಿ ಹೇಳುವವರಿದ್ದಾರೆ. ಅಂಥವರ ಹತ್ತಿರ ವಾದ ಬೇಡ, ಸುಮ್ನೆ ಪುಸ್ತಕ ತೆರೆದು ಕೈಗೆ ಕೊಡಿ. ವಯಸ್ಸಾದವರಾದರೆ ಕನ್ನಡಕವನ್ನೂ.